ಹರಗೋಲಿನಲ್ಲಿ ಸಮವಸ್ತ್ರ

ನಾನು ಅಡ್ಮಿರಲ್ ಆಗಿ ನಿವೃತ್ತನಾದವನು. ಸಮುದ್ರದ ಮೇಲೆ ನನ್ನ ಮಾತಿಗೆ ಎದುರಾಡಿದವರು ಕಡಿಮೆ. ಆದರೆ ನನ್ನ ಕೆಲಸ ಎಂಥದು ಎಂದು ನನ್ನೂರು ತಾಂಬಾದಲ್ಲಿ ಒಬ್ಬರಿಗೂ ತಿಳಿಸಿ ಹೇಳುವುದು ನನ್ನಿಂದ ಆಗಲಿಲ್ಲ.

ನೌಕಾಪಡೆ ಸೇರಿದ್ದು ಐವತ್ತರ ದಶಕದಲ್ಲಿ. ನಾನು ‘ನೇವಿ’ ಎಂದರೆ ಊರವರ ಕಿವಿಗೆ ‘ನಾವಿ’, ಅಂದರೆ ಹೊಳೆಯ ದೋಣಿ, ಎಂದೇ ಬೀಳುತ್ತಿತ್ತು. ಸಿಂದಗಿಯಲ್ಲಿ ಕನ್ಯೆ ನೋಡಲು ಹೋದಾಗ ಹುಡುಗಿಯ ತಂದೆ ಕೇಳಿದ್ದರು: “ನಾವಿ ಸ್ವಂತದ್ದೇನ್ರಿ, ಸರಕಾರದ್ದೋ?”

“ಸರಕಾರದ್ದು,” ಎಂದೆ.

“ಹೊಳಿ ಬತ್ತಿದ ಮ್ಯಾಗ ಏನ್ ಮಾಡ್ತೀರಿ?”

ಸಮುದ್ರ ಬತ್ತುವುದಿಲ್ಲ ಎಂದು ಹೇಳಿದೆ. ಅವರು ನಂಬಲಿಲ್ಲ. ಆ ಸಂಬಂಧ ಅಲ್ಲಿಗೇ ಮುರಿಯಿತು. ಕೊನೆಗೆ ಹೆಣ್ಣು ಕೊಟ್ಟವರು ಮುದ್ದೇಬಿಹಾಳದ ಕಡೆಯವರು. ಅವರೂ ನನ್ನನ್ನು ನಂಬಿ ಕೊಟ್ಟರೋ, ಸರಕಾರವನ್ನು ನಂಬಿ ಕೊಟ್ಟರೋ, ಇವತ್ತಿಗೂ ಗೊತ್ತಿಲ್ಲ.

ಅರವತ್ತರ ದಶಕದ ಒಂದು ಮಳೆಗಾಲ, ರಜೆಯಲ್ಲಿ ಊರಿಗೆ ಬಂದಿದ್ದೆ. ಆಗ ಯುದ್ಧನೌಕೆಯೊಂದರಲ್ಲಿ ತೋಪುಗಳ ಉಸ್ತುವಾರಿ ನನ್ನದು. ಬೆಳಗಿನ ಭಕ್ರಿ ಉಣ್ಣುತ್ತಿದ್ದಾಗ ತಾಲ್ಲೂಕಿನ ಮಾಮಲೇದಾರರ ಜೀಪು ಬಾಗಿಲಿಗೆ ಬಂತು. ಭೀಮೆ ಉಕ್ಕಿತ್ತು. ದಂಡೆಯ ಹಳ್ಳಿಯೊಂದರಲ್ಲಿ ಹತ್ತು ಹನ್ನೆರಡು ಜನ ದಿಬ್ಬದ ಮೇಲೆ ಸಿಕ್ಕಿಕೊಂಡಿದ್ದರು.

“ನೀವು ನೀರಿನ ಮಂದಿ. ಬರ್ರಿ, ಲಗೂ ಬರ್ರಿ,” ಎಂದರು ಮಾಮಲೇದಾರರು.

“ನಾನು ತೋಪಿನವ ಅದೀನ್ರಿ. ಹರಗೋಲಿನಾಗ ಒಂದ್ಸಲಾನೂ ಕುಂತಿಲ್ಲ.”

“ಹಡಗ ನಡಸವ್ರಿಗೆ ಹರಗೋಲು ಯಾವ ಲೆಕ್ಕರಿ?”

ಒಳಗಿನಿಂದ ಅವ್ವ ಕೂಗಿದಳು: “ಹೋಗಪಾ. ಇಲ್ಲಂದ್ರ ಊರಾಗ ನಮ್ಮ ಮಾನ ಹೋಗ್ತೈತಿ.” ಬಾಗೇವಾಡಿಯಿಂದ ಬಂದಿದ್ದ ಸೋದರಮಾವ ಅಷ್ಟರಲ್ಲಿ ಟ್ರಂಕಿನಿಂದ ನನ್ನ ಬಿಳಿ ಸಮವಸ್ತ್ರ ತೆಗೆದು ಜಾಡಿಸುತ್ತಿದ್ದ. ಬೇಡ ಎಂದರೂ ಕೇಳಲಿಲ್ಲ. ಕೆಸರಿನ ರಸ್ತೆಯಲ್ಲಿ, ಹಾಲಿನಂಥ ಬಿಳಿ ಬಟ್ಟೆಯಲ್ಲಿ, ಜೀಪಿನ ಮುಂದಿನ ಸೀಟಿನಲ್ಲಿ ಹಲ್ಲು ಕಚ್ಚಿಕೊಂಡು ಕೂತೆ.

ದಂಡೆಯಲ್ಲಿ ಅಂಬಿಗ ಇರಲಿಲ್ಲ. ಜ್ವರ ಬಂದು ಮಲಗಿದ್ದ. ಅವನ ಹೆಂಡತಿ ಕಚ್ಚೆ ಬಿಗಿದು ಹರಗೋಲಿನ ಪಕ್ಕ ನಿಂತಿದ್ದಳು. ಹೆಂಗಸೊಬ್ಬಳನ್ನೇ ಕಳಿಸುವುದು ಹೇಗೆಂದು ಮಾಮಲೇದಾರರು ಅವಳನ್ನು ತಡೆದು ನಿಲ್ಲಿಸಿದ್ದರಂತೆ. ಹುಟ್ಟನ್ನು ನನ್ನ ಕೈಗೆ ಕೊಟ್ಟರು. ಹರಗೋಲು ಹತ್ತಿ ಕೂತು ಎರಡು ಸಲ ಎಳೆದೆ. ದುಂಡನೆಯ ಹರಗೋಲು ಬುಗುರಿಯಂತೆ ತಿರುಗಿತು. ಮತ್ತೆ ಎಳೆದೆ, ಇನ್ನೊಂದು ಸುತ್ತು. ದಂಡೆಯ ಮೇಲಿದ್ದವರೆಲ್ಲ ಇದೂ ನೌಕಾಪಡೆಯ ಒಂದು ವಿದ್ಯೆ ಇರಬೇಕೆಂದು ಗಂಭೀರವಾಗಿ ನೋಡುತ್ತಿದ್ದರು.

ಆ ಹೆಣ್ಣುಮಗಳು ಸೊಂಟಮಟ್ಟ ನೀರಿಗೆ ಇಳಿದು, ಹರಗೋಲು ಹಿಡಿದು ಹತ್ತಿ, ನನ್ನ ಕೈಯಿಂದ ಹುಟ್ಟು ಕಸಿದುಕೊಂಡಳು.

“ಸಾಹೇಬ್ರ, ನೀವು ಸುಮ್ನ ಕುಂದರ್ರಿ. ತೂಕಕ್ಕ ಬೇಕಾಗೀರಿ.”

ಕೂತೆ. ಸೆಳವಿಗೆ ಅಡ್ಡ ಹೋಗದೆ, ಮೊದಲು ಮೇಲಕ್ಕೆ ಸಾಗಿ, ಅಲ್ಲಿಂದ ಓರೆಯಾಗಿ ಜಾರಿಸಿ ದಿಬ್ಬ ಮುಟ್ಟಿಸಿದಳು. ನಾಲ್ಕು ಸಲ ಹೋಗಿ ಬಂದೆವು. ದಿಬ್ಬದ ಮೇಲಿದ್ದ ಮುದುಕಿಯೊಬ್ಬಳು ತನ್ನ ಎರಡು ಆಡು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಳು. “ಇವುನ್ನ ಬಿಟ್ಟು ಹ್ಯಾಂಗ ಬರ್ಲೋ ಬೇಟಾ?” ಎಂದು ನನ್ನನ್ನೇ ಬೈದಳು. ಆಡುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದೇ ಆ ದಿನ ನಾನು ಮಾಡಿದ ಒಂದೇ ಕೆಲಸ. ಸಮವಸ್ತ್ರದ ಗತಿ ಹೇಳುವುದು ಬೇಡ.

ವಾರದೊಳಗೆ ತಾಲ್ಲೂಕು ಊರು ಇಂಡಿಯಲ್ಲಿ ಸತ್ಕಾರ. ಹಾರ ನನಗೆ. ಅಂಬಿಗನ ಹೆಂಡತಿಯನ್ನು ಕರೆದೇ ಇರಲಿಲ್ಲ. “ನಾನು ಬರೇ ಕುಂತಿದ್ದೆ, ನಡಿಸಿದಾಕಿ ಅಂಬಿಗರಾಕಿ,” ಎಂದು ವೇದಿಕೆಯ ಮೇಲೆ ಗಟ್ಟಿಯಾಗಿ ಹೇಳಿದೆ. ಎಂಥ ವಿನಯ ಎಂದು ಮಂದಿ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮತ್ತೆ ಹೇಳಿದೆ. ಮತ್ತೆ ಚಪ್ಪಾಳೆ.

ಸತ್ಕಾರದ ಸುದ್ದಿ ಬಂದ ಪತ್ರಿಕೆಯ ತುಣುಕು ಮುಂಬಯಿಯ ನೌಕಾನೆಲೆಗೂ ಮುಟ್ಟಿ, ಮೇಲಧಿಕಾರಿಗಳ ಮೆಚ್ಚುಗೆಯ ಪತ್ರ ನನ್ನ ಕಡತ ಸೇರಿತು. ತೆಗೆಸಲು ಬರೆದೆ, ತೆಗೆಯಲಿಲ್ಲ. ಮುಂದೆ ಬಡ್ತಿಯ ಸಂದರ್ಶನಗಳಲ್ಲೆಲ್ಲ “ಆ ಪ್ರವಾಹದ ಸಾಹಸ” ಎಂದು ಯಾರಾದರೂ ಎತ್ತುತ್ತಿದ್ದರು. ನಾನು ತಿದ್ದಲು ಹೋದರೆ ಅದಕ್ಕೂ ಮೆಚ್ಚುಗೆ. ಆಕೆಗೂ ಏನಾದರೂ ಗೌರವ ಸಲ್ಲಲಿ ಎಂದು ಮಾಮಲೇದಾರರ ಕಚೇರಿಗೆ ಮೂರು ಅರ್ಜಿ ಕಳಿಸಿದೆ. ಹರಗೋಲಿನ ಪರವಾನಗಿ ಗಂಡನ ಹೆಸರಿನಲ್ಲಿದೆ, ಆದ್ದರಿಂದ ಸದರಿ ಹೆಂಗಸು ಹರಗೋಲು ನಡೆಸಿದ್ದಕ್ಕೆ ದಾಖಲೆ ಇಲ್ಲ ಎಂದು ಉತ್ತರ ಬಂತು. ಆ ಕಾಗದ ಓದಿ ಹಡಗಿನ ಊಟದ ಕೋಣೆಯಲ್ಲಿ ನಾನು ಕನ್ನಡದಲ್ಲಿ ಬೈದದ್ದು ಯಾರಿಗೂ ಅರ್ಥವಾಗಲಿಲ್ಲ, ಪುಣ್ಯ.

ಮುಂದಿನ ರಜೆಯಲ್ಲಿ ಹೊಳೆ ದಂಡೆಗೆ ಹೋಗಿ ಆಕೆಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ. ಆಕೆ ಹರಗೋಲಿಗೆ ಡಾಂಬರು ಬಳಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಹಾರ ತಗೊಂಡು ನಾ ಏನ್ ಮಾಡ್ಲಿರಿ? ನಿಮ್ಮ ಹಡಗಿನಾಗ ಹಗ್ಗ ಭಾಳ ಗಟ್ಟಿ ಇರ್ತಾವಂತ. ಒಂದು ಕಳಸ್ರಿ.”

ಮುಂಬಯಿ ಬಂದರಿನ ಅಂಗಡಿಗಳಲ್ಲಿ ಹುಡುಕಿ, ಹೆಬ್ಬೆರಳು ದಪ್ಪದ ಹಗ್ಗದ ಸುರುಳಿಯೊಂದನ್ನು ರೈಲಿನಲ್ಲಿ ಕಳಿಸಿದೆ. ತಿಂಗಳ ಮೇಲೆ ಅವ್ವ ಯಾರಿಂದಲೋ ಬರೆಸಿದ ಪತ್ರ ಬಂತು. ಕ್ಷೇಮಸಮಾಚಾರದ ಕೆಳಗೆ ಒಂದು ಸಾಲು: ಅಂಬಿಗರಾಕೆಗೆ ಹಗ್ಗ ಮುಟ್ಟಿತು, ಗಟ್ಟಿ ಇದೆಯಂತೆ, ಆದರೆ ಇಷ್ಟು ದೊಡ್ಡ ಸಾಹೇಬರು ಇಷ್ಟು ಗಿಡ್ಡ ಹಗ್ಗ ಕಳಿಸಿದ್ದೇಕೆ ಎಂದು ಕೇಳುತ್ತಿದ್ದಾಳೆ.