ಹಳೆಯ ಕಾರಿಗೆ ಹೊಸ ಬಣ್ಣ

ಖಾನಾಪುರದ ನಮ್ಮ ಶೆಡ್ಡಿನಲ್ಲಿ ಅಪ್ಪನ ಕಾಲದ ಎರಡು ಸೀಟಿನ ಸ್ಪೋರ್ಟ್ಸ್ ಕಾರಿತ್ತು. ಅಂಥವು ಈಗ ಬೆರಳೆಣಿಕೆಯಷ್ಟೇ ಉಳಿದಿವೆಯಂತೆ. ಬೆಲೆ ಕಟ್ಟಲು ಹುಬ್ಬಳ್ಳಿಯಿಂದ ಒಬ್ಬರು ಬರುತ್ತಾರೆಂದಾಗ, ಮನೆಗೆ ಹೆಣ್ಣು ನೋಡಲು ಬರುವವರಿದ್ದಾರೇನೋ ಎಂಬಂತೆ ಸಡಗರಪಟ್ಟೆ. ನನ್ನ ಬುದ್ಧಿಗೇನು ಹೇಳಲಿ, ಕಾರನ್ನು ಬೆಳಗಾವಿಯ ಆಟೋ ನಗರಕ್ಕೆ ಒಯ್ದು, ಮಾಸಿದ ಬಣ್ಣವನ್ನೆಲ್ಲ ಕೆರೆಸಿ, ಫಳಫಳ ಹೊಳೆಯುವ ಕೆಂಪು ಹೊಡೆಸಿದೆ.

ಬಂದವರು ಬಾನೆಟ್ ಮೇಲೆ ಕೈಯಾಡಿಸಿದರು. "ಕಂಪನಿ ಬಣ್ಣ ಎಲ್ಲಿ ಹೋತ್ರಿ?"

"ಎಲ್ಲಾ ಕೆರಸೇನ್ರಿ," ಎಂದೆ ಜಂಬದಿಂದ.

"ಆ ಹಳೇ ಬಣ್ಣಕ್ಕ ಕಿಮ್ಮತ್ತು ಇತ್ರಿ. ಈಗ ಅರ್ಧಾನೂ ಬರೂದಿಲ್ಲ. ವಯಸ್ಸಾದದ್ದನ್ನ ಯಾಕ ಮುಚ್ಚಾಕ ಹೋದ್ರಿ?"

ನನ್ನ ಕೈ ತಾನಾಗಿ ತಲೆಗೂದಲಿನತ್ತ ಹೋಯಿತು. ಅವರು ಬರುತ್ತಾರೆಂದು ಅಂದು ಬೆಳಿಗ್ಗೆ ನಾನೂ ತಲೆಗೆ ಕಪ್ಪು ಹಚ್ಚಿಕೊಂಡಿದ್ದೆ.