ಕೊಡೆಬಟ್ಟೆಯ ಈಜುಡುಪು

ನಮ್ಮ ಸೋದರತ್ತೆಯ ರವಿಕೆಗಳೆಲ್ಲ ಭುಜದ ಹತ್ತಿರವೇ ಹರಿಯುತ್ತಿದ್ದವು. ಅಷ್ಟು ಅಗಲದ ಭುಜ. ಉದ್ದನಪಲ್ಲಿಯ ನಮ್ಮ ತೋಟದ ಬಾವಿಯಲ್ಲಿ ಈಜಿ ಈಜಿ ಬಂದದ್ದು. ದರ್ಜಿ ಬಟ್ಟೆ ಸಾಲದು ಅಂತ ಗೊಣಗಿದರೆ, "ಭುಜ ನಂದು, ಬಟ್ಟೆ ನಂದು, ನಿಂಗೇನಯ್ಯ ಸಂಕಟ?" ಅನ್ನುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ, ಅಂದರೆ ನಮ್ಮ ಮನೆಗೆ, ಬಂದವಳು.

ಊರಿನ ಹೆಣ್ಣುಮಕ್ಕಳಿಗೆಲ್ಲ ಈಜು ಕಲಿಸಿದ್ದು ಅವಳೇ. ಅದಕ್ಕೆ ಕಾರಣವಿತ್ತು. ಅವಳ ತಂಗಿ ನೀರು ಸೇದುವಾಗ ಕಾಲು ಜಾರಿ ಅದೇ ಬಾವಿಗೆ ಬಿದ್ದು ಹೋಗಿದ್ದಳು. ಈಜು ಅಷ್ಟಿಷ್ಟು ಬರುತ್ತಿತ್ತಂತೆ, ಆದರೆ ನೆನೆದ ಲಂಗ ಕಾಲಿಗೆ ಸುತ್ತಿಕೊಂಡಿತ್ತು. "ನೀರು ಕೊಲ್ಲಲಿಲ್ಲ ಕಣೆ, ಲಂಗ ಕೊಂದ್ಬುಡ್ತು" ಅಂತ ಹೇಳುವಾಗ ಅತ್ತೆ ಮುಖ ಆ ಕಡೆ ತಿರುಗಿಸುತ್ತಿದ್ದಳು.

ತಾನು ಸೀರೆಯನ್ನು ಗಂಡುಕಚ್ಚೆ ಹಾಕಿ ಧುಮುಕುತ್ತಿದ್ದಳು. ನಮ್ಮಂಥ ಚಿಕ್ಕವರಿಗೆ ಚಡ್ಡಿ, ಬೆನ್ನಿಗೆ ಕಟ್ಟಿದ ಒಣ ಸೋರೆಬುರುಡೆ. ಹುಡುಗಿ ದೊಡ್ಡವಳಾದಳೋ, ಬಾವಿ ಬಂದ್. ನೆನೆದ ಬಟ್ಟೆ ಮೈಗೆ ಅಂಟುತ್ತದಲ್ಲ, ಅದಕ್ಕೆ. ನನ್ನ ಸರದಿ ಬಂದಾಗ ಅಮ್ಮನೂ ಅದನ್ನೇ ಹೇಳಿದಳು. ಅತ್ತೆ ರೇಗಿದಳು: "ಬಟ್ಟೆ ಮೈಗಂಟಿದ್ರೆ ಅಂಟ್ಲಿ ಬುಡಮ್ಮಿ, ಪ್ರಾಣ ಮೈಗಂಟ್ಕೊಂಡಿದ್ರೆ ಸಾಕು!"

ಆಮೇಲೆ ಮುರಿದ ಕೊಡೆಗಳ ಕಪ್ಪು ಬಟ್ಟೆ ಬಿಚ್ಚಿ ನನಗೊಂದು ಉಡುಪು ಹೊಲಿದಳು. ರವಿಕೆ, ಚಡ್ಡಿ ಸೇರಿ ಒಂದೇ ತುಂಡು, ಮೊಣಕಾಲಿಗೆ ಲಾಡಿ. ಕೊಡೆಬಟ್ಟೆ ನೀರು ಕುಡಿಯೋದಿಲ್ಲ, ಮೈಗೂ ಅಂಟೋದಿಲ್ಲ ಅನ್ನುವುದು ಅವಳ ಲೆಕ್ಕ. ಅದನ್ನು ತೊಟ್ಟು, ಬುರುಡೆಯಿಲ್ಲದೆ, ಅವಳ ಅಂಗೈ ಮೇಲೆ ತೇಲಿದೆ. "ನಾಳೆ ಕೈ ಬಿಡ್ತೀನಿ, ನೀನೇ ದಡ ಮುಟ್ಬೇಕು" ಅಂದಳು.

ಅಂದು ಸಂಜೆ ಉಡುಪು ಬೇಲಿಯ ಮೇಲೆ ಒಣಗುತ್ತಿತ್ತು. ಅಪ್ಪ ನೆಂಟರ ಜೊತೆ ಬಂದವನು, "ಏನಕ್ಕಾ, ನಮ್ಮನೇಗೆ ಸರ್ಕಸ್ ಬಂದೈತಾ?" ಅಂದ. ನೆಂಟರು ನಕ್ಕರು. ಅಪ್ಪ ನಗಲಿಲ್ಲ. ಅಮ್ಮ ಅದನ್ನು ಒಲೆಗೆ ಹಾಕಿದಳು. ಯಾರಿಗೂ ಹೆದರದ ಅತ್ತೆ ಆವತ್ತು ತುಟಿ ಬಿಚ್ಚಲಿಲ್ಲ. ಅನ್ನ ಹಾಕುವ ಮನೆ. ನಾನು ಮತ್ತೆ ಬಾವಿಗೆ ಇಳಿಯಲಿಲ್ಲ.

ಮದುವೆಯಾಗಿ ಹೊಸೂರಿಗೆ ಬಂದೆ. ಮಗಳು ಈಜು ಕಲಿಯಲು ಸೇರಿದಾಗ ನೆರಿಗೆ ಸ್ಕರ್ಟಿನ ಕಾಸ್ಟ್ಯೂಮು. ಬರಬರುತ್ತಾ ಸ್ಕರ್ಟೂ ಹೋಯಿತು, ತೋಳೂ ಹೋಯಿತು. ಊರಿಂದ ಬಂದುಹೋಗುತ್ತಿದ್ದ ಸೋದರತ್ತೆಗೆ ತೋರಿಸಿ, "ಶಿವ ಶಿವಾ, ಇಷ್ಟೇ ಇಷ್ಟಾ ಅತ್ತೆ?" ಅಂದರೆ, "ಕಾಲು ಬಡಿಯೋಕೆ ಅಡ್ಡ ಇಲ್ವಲ್ಲ, ಅದನ್ನ ನೋಡು" ಅನ್ನುತ್ತಿದ್ದಳು. ಮೊಮ್ಮಗಳ ಕಾಲಕ್ಕೆ ಕತ್ತಿನಿಂದ ಪಾದದವರೆಗೆ ಮುಚ್ಚುವಂಥದ್ದು ಬಂತು. ಅತ್ತೆ ಅದನ್ನು ಎರಡು ಕೈಯಲ್ಲಿ ಹಿಡಿದು ಎಳೆದೆಳೆದು ನೋಡಿದಳು. "ಆಗ್ಲೇ ಒಣಗೋಗೈತೆ ನೋಡೆ! ಆವಾಗ ಇಂಥದ್ದು ಸಿಕ್ಕಿದ್ದಿದ್ರೆ..." ತಂಗಿಯ ನೆನಪೋ, ನನ್ನ ನೆನಪೋ.

ಹೋದ ವರ್ಷ ನಮ್ಮ ಬಡಾವಣೆಯ ಈಜುಕೊಳದಲ್ಲಿ ಹೆಂಗಸರಿಗೇ ಅಂತ ಒಂದು ಹೊತ್ತು ಬಿಟ್ಟರು. ಆಗ ನಮ್ಮ ಮನೆಯಲ್ಲೇ ಇದ್ದ ಅತ್ತೆ, ನೀನೂ ಸೇರು ಅಂತ ಹಠ ಹಿಡಿದಳು. "ಮೊಮ್ಮಗಳಿರೋ ವಯಸ್ಸಲ್ಲಿ ಇದೇನತ್ತೆ" ಅಂದೆ. "ನೀರಿಗೇನ್ ಗೊತ್ತೆ ನಿನ್ನ ವಯಸ್ಸು? ದಡದಲ್ಲಿ ಕುರ್ಚಿ ಹಾಕ್ಸು. ಯಾವಾಗ ಕೈ ಬಿಡ್ಬೇಕು ಅಂತ ನಾನು ಕೂಗ್ತೀನಿ" ಅಂದಳು. ತರಿಸಿದ ಉಡುಪು ಬಿಗಿಯಾಯಿತು. ವಾಪಸು ಕಳಿಸಿ ಇನ್ನೊಂದು ಬರುವಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಳು. ತೊಟ್ಟು ತೋರಿಸಿದೆ. ಕೈಚಾಚಿ ಮೊಣಕಾಲಿನ ಹತ್ತಿರ ಬಟ್ಟೆ ಎಳೆದು ಬಿಟ್ಟಳು. ಅದು ಪಟ್ಟನೆ ಕೂತುಕೊಂಡಿತು. "ಒಳ್ಳೇ ಬಟ್ಟೆ. ಮುಳುಗಿಸಲ್ಲ" ಅಂದಳು. ಆ ವಾರವೇ ನಿದ್ದೆಯಲ್ಲಿ ಹೋದಳು. ನರಳಿಸದೆ ಕರೆದುಕೊಂಡನಲ್ಲ, ಭಗವಂತನ ಅಷ್ಟು ಕೃಪೆಗೆ ಕೈಮುಗಿದೆ.

ಈಗ ಬೆಳಗಿನ ಪೂಜೆ ಮುಗಿಸಿ ಕೊಳಕ್ಕೆ ಹೋಗುತ್ತೇನೆ. ಮಂಡಿ ಇನ್ನೂ ಮಡಚುತ್ತದೆ, ಅದೂ ದೇವರು ಕೊಟ್ಟಿದ್ದೇ. ಕಲಿಸುವ ತಮಿಳು ಹುಡುಗಿ, "ವಿಡುಂಗಮ್ಮಾ, ನಾ ಇರುಕ್ಕೇನ್" ಅನ್ನುತ್ತಾಳೆ. ಬಿಡಿಯಮ್ಮಾ, ನಾನಿದ್ದೀನಲ್ಲ ಅಂತ. ಒಳ್ಳೆಯ ಹುಡುಗಿ. ಅವಳು ಹೇಳಿದ ಹಾಗೆ ಕಾಲು ಬಡಿಯುತ್ತೇನೆ, ಉಸಿರು ಹಿಡಿಯುತ್ತೇನೆ. ಕೊಳದಂಚಿನ ಕಂಬಿಯಿಂದ ಕೈ ಮಾತ್ರ ಇನ್ನೂ ಬಿಟ್ಟಿಲ್ಲ.