ಹುಲುಗಪ್ಪಣ್ಣ ಎಳೆದ ಗೆರೆ

ಹುಲುಗಪ್ಪಣ್ಣ ಯಾರ ಮನೆಗೆ ಹಾವು ಹಿಡಿಯಲು ಹೋದರೂ ಮೊದಲು ನೋಡುತ್ತಿದ್ದದ್ದು ಹಾವನ್ನಲ್ಲ, ಜನರನ್ನು. ಕೈಯಲ್ಲಿದ್ದ ಕೊಕ್ಕೆಯಿಂದ ಅಂಗಳದ ಮಣ್ಣಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು, "ಎಲ್ಲಾರೂ ಗೆರಿ ಆಚಿಗೆ ನಿಂದರ್ರಿ. ಹಾವು ಹಿಡೀಬೌದು, ನಿಮ್ಮನ್ನ ಹಿಡಿಯಾಕ ನನ್ನ ಕೈಲಿ ಆಗಂಗಿಲ್ಲ" ಎನ್ನುತ್ತಿದ್ದ.

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯೇ ಅವನದು. ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರಿ. ಯಾರಾದರೂ ಫೋನ್ ಮಾಡಿದರೆ ಮೊಣಕಾಲುದ್ದದ ಬೂಟು, ಕೊಕ್ಕೆ, ಒಂದು ತುದಿಗೆ ಕಪ್ಪು ಬಟ್ಟೆಯ ಚೀಲ ಕಟ್ಟಿದ ಪೈಪು, ಇಷ್ಟನ್ನೂ ಸ್ಕೂಟರಿಗೆ ಹೇರಿಕೊಂಡು ಹೊರಡುತ್ತಿದ್ದ. ಹಾವಿನ ಮುಂದೆ ಪೈಪಿನ ಬಾಯಿ ಇಟ್ಟು, ಕೊಕ್ಕೆಯಿಂದ ಮೆಲ್ಲಗೆ ದಾರಿ ತೋರಿಸಿ, ಸುಮ್ಮನೆ ಕಾಯುತ್ತಿದ್ದ. "ಬಿಲ ಅಂತ ತಿಳಕಂಡು ತಾನ ಒಳಗ ಹೋಗ್ತೈತಿ. ನಾ ಬರೇ ಬಾಗಲಾ ತೋರ್ಸಾಂವ." ಹೆಡೆ ಎತ್ತಿದ ಹಾವು, ಅದನ್ನು ಕೈಯಲ್ಲಿ ಎತ್ತಿ ಹಿಡಿದ ವೀರ ಇವನ್ನೆಲ್ಲ ನೋಡಲು ಹಿಂದೆ ಓಡುತ್ತಿದ್ದ ನನಗೆ ಪ್ರತಿ ಸಲವೂ ನಿರಾಸೆ. ಇಷ್ಟಕ್ಕೆ ಇಷ್ಟೊಂದು ಸಾಮಾನು ಯಾಕೆ ಎಂದು ಒಂದು ದಿನ ಛೇಡಿಸಿದೆ. ಅವನು ಎಡಗೈ ಚಾಚಿದ. ಅದರಲ್ಲಿ ತೋರುಬೆರಳಿರಲಿಲ್ಲ.

ಹಿಂದೊಂದು ನಾಗರಪಂಚಮಿಗೆ ಗಾದಿಗನೂರಿನಲ್ಲಿ ಒಬ್ಬ ಅಜ್ಜಿಯ ಮನೆಗೆ ನಾಗರಹಾವು ಬಂದಿತ್ತು. "ಹಬ್ಬದ ದಿನ ಮನಿಗೆ ಬಂದ ದೇವ್ರಪ್ಪ, ಚೀಲಕ್ಕ ಹಾಕಬ್ಯಾಡ. ಒಂದು ಬೊಟ್ಟು ಕುಂಕುಮ ಹಚ್ಚತೀನಿ" ಎಂದು ಅಜ್ಜಿ ಕೈ ಮುಗಿದಳು. ಇವನಿಗೆ ಇಲ್ಲ ಅನ್ನಲಾಗಲಿಲ್ಲ. ಪೈಪು ಬದಿಗಿಟ್ಟು ಹಾವನ್ನು ಕೈಯಲ್ಲೇ ಹಿಡಿದ. ಅಜ್ಜಿ ಕುಂಕುಮದ ಬೆರಳು ಚಾಚಿದಾಗ ಹಾವು ತಿರುಗಿತು. ಅವಳ ಕೈ ತಳ್ಳಲು ಹೋದ ಇವನ ಬೆರಳಿಗೆ ಹಲ್ಲು ಬಿತ್ತು. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬೆರಳು ಉಳಿಯಲಿಲ್ಲ.

"ಹಾವಿಂದೂ ತಪ್ಪಿಲ್ಲ, ಅಜ್ಜಿದೂ ತಪ್ಪಿಲ್ಲ. ಗೆರಿ ದಾಟಾಕ ಬಿಟ್ಟಾಂವ ನಾನ" ಎಂದ. ಅವತ್ತಿನಿಂದ ನಾನು ಅವನ ಸಾಮಾನಿನ ಬಗ್ಗೆ ಬಾಯಿ ಬಿಡಲಿಲ್ಲ.

ಅವನು ರಿಟೈರ್ ಆಗಿ ಕಂಪ್ಲಿಯ ಮಗಳ ಮನೆಗೆ ಹೊರಡುವ ಹಿಂದಿನ ದಿನ ನಮ್ಮದೇ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನಾಗರ ಕಾಣಿಸಿತು. ಕೂಗಿದ ಕೂಡಲೇ ಬಂದ. ಗೆರೆ ಎಳೆದ. ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ಹಿಂದೆ ಸರಿದು ಫೋನ್ ತೆಗೆದು, ತನ್ನ ಹತ್ತಿರವೇ ಹಾವು ಹಿಡಿಯುವುದನ್ನು ಕಲಿತಿದ್ದ ಕಾಲುವೆ ಆಫೀಸಿನ ಶಾಂತಾಳನ್ನು ಕರೆದ.

"ನೀನ ಇದ್ದೀಯಲ್ಲಣ್ಣ, ಮತ್ತ್ಯಾಕ ಆಕಿ?" ಎಂದೆ.

"ತಲಿ ಎಲ್ಲೈತಿ, ಬಾಲ ಎಲ್ಲೈತಿ ಕಣ್ಣಿಗೆ ತಿಳೀವಲ್ದು ತಮ್ಮಾ. ಆವತ್ತು ಅಜ್ಜಿಗೆ ಇಲ್ಲ ಅನ್ನಲಿಲ್ಲ. ಇವತ್ತು ನಿನಗ ಇಲ್ಲ ಅಂತೀನಿ."

ಶಾಂತಾ ಬೂಟು ಹಾಕಿಕೊಂಡೇ ಬಂದಳು. ಅವನ ಕೈಯಿಂದ ಕೊಕ್ಕೆ ತೆಗೆದುಕೊಂಡು, ತುಸು ಹಿಂಜರಿದು, "ಅಣ್ಣಾರ, ಗೆರಿ ಆಚಿಗೆ ನಿಂದರ್ರಿ" ಎಂದಳು.

ಹುಲುಗಪ್ಪಣ್ಣ ಗೆರೆ ದಾಟಿ ನನ್ನ ಪಕ್ಕ ಬಂದು ನಿಂತ. ನನ್ನ ಮುಂಗೈ ಹಿಡಿದುಕೊಂಡ. ಆ ನಾಲ್ಕು ಬೆರಳುಗಳ ಬಿಗಿ ನನಗೆ ಇನ್ನೂ ನೆನಪಿದೆ. ಶಾಂತಾ ಹಾವಿನ ಮುಂದೆ ಪೈಪು ಇಟ್ಟು ಕಾದಳು. ಸ್ವಲ್ಪ ಹೊತ್ತಾದ ಮೇಲೆ ಅವನು ಮೆಲ್ಲಗೆ ಕೇಳಿದ:

"ಒಳಗ ಹೋತೇನೋ?"

"ಹೋತಣ್ಣ" ಎಂದೆ.

ಆಗ ಕೈ ಬಿಟ್ಟ.